ಹಾರರ್ ಚಿತ್ರದ ಅಡಿಬರಹ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಾರರ್ ಕಿರುಚಿತ್ರದ ಪೋಸ್ಟರ್‌ಗೆ ‘ಮೈ ನಡುಗಿಸುವ ಭಯಾನಕ ರಾತ್ರಿಯ ರಹಸ್ಯ ಕಥೆ’ ಎಂಬ ಅಡಿಬರಹ ಹಾಕಿದ್ದೇವೆ. ಯಾರ ಗಮನವನ್ನೂ ಸೆಳೆಯುತ್ತಿಲ್ಲ. ತಪ್ಪೆಲ್ಲಿ?

ಉತ್ತರ: ‘ಮೈ ನಡುಗಿಸುವ’, ‘ಭಯಾನಕ’, ‘ರಹಸ್ಯ’ ಇಷ್ಟನ್ನೂ ಹೊಡೆದುಹಾಕಿ ನೋಡಿ. ಉಳಿಯುವುದು ‘ರಾತ್ರಿಯ ಕಥೆ’. ಹೆದರಿ ಎಂದು ಕೇಳಿಕೊಂಡಿದ್ದೀರಿ, ಹೆದರುವಂಥದ್ದನ್ನು ಹೇಳಿಲ್ಲ.

ತಪ್ಪಿಸಿಕೊಳ್ಳುವ ದಾರಿ ಮುಚ್ಚಿದೆ ಎಂದು ಗೊತ್ತಾದಾಗ ಭಯ ಹುಟ್ಟುತ್ತದೆ. 1979ರ ‘ಏಲಿಯನ್’ ಚಿತ್ರಕ್ಕೆ ಬಾರ್ಬರಾ ಗಿಪ್ಸ್ ಬರೆದ ಸಾಲಿನ ಅರ್ಥ ಇದು: ಬಾಹ್ಯಾಕಾಶದಲ್ಲಿ ನೀವು ಚೀರಿದರೂ ಯಾರಿಗೂ ಕೇಳಿಸದು. ಅದರಲ್ಲಿ ರಾಕ್ಷಸ ಜೀವಿಯ ಸುದ್ದಿಯೇ ಇಲ್ಲ. ಪೋಸ್ಟರ್‌ನಲ್ಲೂ ಬಿರುಕು ಬಿಟ್ಟ ಒಂದು ಮೊಟ್ಟೆಯಷ್ಟೇ ಎದ್ದು ಕಾಣುತ್ತದೆ. ಗಾಳಿಯಿಲ್ಲದೆಡೆ ಸದ್ದು ಹರಡದು ಎಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವಲ್ಲ, ಆ ಪಾಠವೇ ಇಲ್ಲಿ ಬೀಗ ಜಡಿಯುತ್ತದೆ.

ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಕಥೆ ನಡೆಯುವ ಜಾಗ, ಅಲ್ಲಿರುವವರು ನಂಬಿಕೊಂಡಿರುವ ರಕ್ಷಣೆ, ಅದು ಕೈಕೊಡುವ ಬಗೆ. ಮನೆ, ಚಿಲಕ, ಒಳಗಿರುವ ಇನ್ನೊಬ್ಬರು ಎಂದುಕೊಳ್ಳೋಣ. ಸಾಲು ಹೀಗಾಗಬಹುದು: ‘ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಹಾಕಿದ್ದು ನೀವಲ್ಲ.’ ಇದನ್ನೇ ‘ನೀವು ಹಾಕದ ಚಿಲಕ ಒಳಗಿನಿಂದ ಬಿದ್ದಿದೆ’ ಎಂದು ಬರೆದರೆ ಎರಡನೇ ಪದಕ್ಕೇ ಗುಟ್ಟು ಸೋರಿಹೋಗುತ್ತದೆ. ವಾಕ್ಯದ ತೂಕವನ್ನು ಕೊನೆಯ ಪದದವರೆಗೆ ತಡೆದಿಡುವುದು ಕನ್ನಡಕ್ಕೆ ಸಲೀಸು; ಅದನ್ನು ಬಿಟ್ಟುಕೊಡಬೇಡಿ. ಆರರಿಂದ ಎಂಟು ಪದ ಸಾಕು. ಚಿಲಕ ಹಾಕಿದವರು ಯಾರು ಎಂಬುದೇ ಚಿತ್ರದ ಕೊನೆಯ ತಿರುವಾಗಿದ್ದರೆ ಮಾತ್ರ ಈ ಸಾಲು ಬೇಡ, ಬೇರೆ ಸಂಗತಿ ಹುಡುಕಿ.

ಪ್ರಶ್ನೆ: ‘ಹೃದಯ ದುರ್ಬಲವಾಗಿರುವವರು ನೋಡಬೇಡಿ’ ಎಂಬ ಎಚ್ಚರಿಕೆ ಈಗಲೂ ಕೆಲಸ ಮಾಡುತ್ತದೆಯೇ?

ಉತ್ತರ: ಹಾಗೇ ಹಾಕಿದರೆ ಅದೊಂದು ಸೂಚನಾ ಫಲಕ. 1972ರ ‘ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್’ ಚಿತ್ರದ ಜಾಹೀರಾತು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಮೂರ್ಛೆ ಹೋಗಬಾರದೆಂದಿದ್ದರೆ ‘ಇದು ಬರೀ ಸಿನಿಮಾ’ ಎಂದು ಹೇಳಿಕೊಳ್ಳುತ್ತಲೇ ಇರಿ. ಈ ಉಪಾಯ 1960ರ ದಶಕದ ಚಿತ್ರಗಳ ಜಾಹೀರಾತಿನಲ್ಲೇ ಬಂದಿತ್ತು. ನೋಡುಗರಿಗೆ ಅದು ಮಾಡಲೊಂದು ಕೆಲಸ ಕೊಡುತ್ತದೆ, ಹೇಳಿಕೊಂಡಷ್ಟೂ ಅಳುಕು ಹೆಚ್ಚುತ್ತದೆ. ಆದರೆ ಇಂಥ ಸಾಲು ರಕ್ತಪಾತದ ಭರವಸೆ ಕೊಟ್ಟಂತೆ. ನಿಮ್ಮದು ಮೆಲ್ಲಗೆ ಸಾಗುವ, ಮನಸ್ಸಿನೊಳಗಿನ ಭಯದ ಚಿತ್ರವಾಗಿದ್ದರೆ ಬಂದವರು ಮೋಸಹೋದೆವೆಂದೇ ಹೇಳುತ್ತಾರೆ, ಚಿತ್ರ ಎಷ್ಟೇ ಚೆನ್ನಾಗಿರಲಿ. ಕಟ್ಟುಕಥೆಗೆ ‘ನೈಜ ಘಟನೆ ಆಧಾರಿತ’ ಎಂದು ಹಾಕುವುದಂತೂ ಬೇಡವೇ ಬೇಡ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಅಡಿಬರಹ ಮುದ್ರಣವಾದ ಮೇಲೆ ಓದಲಾಗುತ್ತಿಲ್ಲ, ಏಕೆ?

ಉತ್ತರ: ಕಪ್ಪು ಹಿನ್ನೆಲೆಯಲ್ಲಿ ತೆಳುವಾದ ಬಿಳಿ ಅಕ್ಷರ ಬಳಸಿರುತ್ತೀರಿ. ಸುತ್ತಲಿನ ಕಪ್ಪು ಶಾಯಿ ಕಾಗದದಲ್ಲಿ ತುಸು ಹರಡಿ ಬಿಳಿ ಗೆರೆಗಳನ್ನು ನುಂಗುತ್ತದೆ. ಮೊದಲು ಹೋಗುವುದು ಒತ್ತಕ್ಷರ: ‘ಬಿದ್ದಿದೆ’ಯ ದ ಒತ್ತು ಮುಚ್ಚಿಕೊಂಡು ಪದವೇ ಕಲೆಯಂತೆ ಕಾಣುತ್ತದೆ. ಒಂದು ಹಂತ ದಪ್ಪನೆಯ ಅಕ್ಷರ ಆರಿಸಿಕೊಳ್ಳಿ. ಎರಡು ಸಾಲಿದ್ದರೆ ನಡುವೆ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ಅದೇ ಕಾಗದದ ಮೇಲೆ ಒಂದು ಪ್ರತಿ ತೆಗೆಸಿ, ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಓದಿ.