ಹಿರಿಯ ದಂಪತಿಗೆ ಹಳೆಯ ಕ್ಯಾರವಾನಿನ ಬದಲಿಗೆ ಎಂಥದ್ದು ಸೂಕ್ತ?

65 ದಾಟಿದ ನೀವಿಬ್ಬರೂ ಹಳೆಯ ಕ್ಯಾರವಾನನ್ನು (ಒಳಗೇ ಮಲಗಿ ಪ್ರವಾಸ ಮಾಡಬಹುದಾದ ಗಾಲಿಮನೆ) ಬದಲಿಸಬೇಕೆಂದಿದ್ದು, ಬನಶಂಕರಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದೇ ಕಾರಿನ ಜಾಗವಿದೆ ಎಂದಿರುವುದರಿಂದ, ಮೊದಲು ನೆಲಮಾಳಿಗೆಯ ಎತ್ತರವನ್ನು, ಅದರಲ್ಲೂ ತೊಲೆ ಮತ್ತು ಪೈಪುಗಳ ಕೆಳಗೆ ಉಳಿಯುವ ಎತ್ತರವನ್ನು, ಅಳೆದುಕೊಳ್ಳಿ. ಕಾರಿನ ಜಾಗ ಸಾಮಾನ್ಯವಾಗಿ 2.5 ಮೀಟರ್ ಅಗಲ, 5 ಮೀಟರ್ ಉದ್ದವಿರುತ್ತದೆ. ಕಾರಿಗೆ ಕಟ್ಟಿ ಎಳೆಯುವ ಕ್ಯಾರವಾನಾದರೆ ಮುಂದೆ ಚಾಚಿಕೊಂಡಿರುವ ಕೊಂಡಿಯ ಭಾಗವನ್ನೂ ಉದ್ದಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಚಾವಣಿಯನ್ನು ಮೇಲೆತ್ತುವ ಮಾದರಿ ನಿಲ್ಲಿಸಿದಾಗ ತಗ್ಗಾಗಿರುತ್ತದೆ, ಆದರೆ ಎತ್ತಲು ತೋಳಿನ ಬಲ ಬೇಕಾಗುವುದರಿಂದ ಕೊಳ್ಳುವ ಮುನ್ನ ನೀವೇ ಒಮ್ಮೆ ಎತ್ತಿ ನೋಡಿ. ಒಳಗೆ, ಗೋಡೆಗೆ ತಾಗಿದ ಒಂದು ದೊಡ್ಡ ಮಂಚಕ್ಕಿಂತ ಎರಡು ಬಿಡಿ ಮಂಚಗಳೇ ಮೇಲು. ರಾತ್ರಿ ಶೌಚಕ್ಕೆ ಏಳುವವರು ಮತ್ತೊಬ್ಬರನ್ನು ದಾಟಿಹೋಗಬೇಕಾಗುವುದಿಲ್ಲ. ಮೆಟ್ಟಿಲು ತಗ್ಗಾಗಿರಲಿ, ಪಕ್ಕದಲ್ಲಿ ಗಟ್ಟಿ ಹಿಡಿಕೆಯಿರಲಿ (ಮಂಡಿನೋವಿರುವವರಿಗೆ ಇದು ಟಿ.ವಿ.ಗಿಂತ ಮುಖ್ಯ).