ಪ್ರೊಪೆಲ್ಲರ್ ತಪ್ಪಾಗಿ ಕೂತಿಲ್ಲ, ಅದು ಇರೋದೇ ಹಾಗೆ

ಕಾಂಪರ್ ಸ್ವಿಫ್ಟ್ ವಿಮಾನದ ಫೋಟೋ ನೋಡಿ ನೀವು ಕೇಳಿದ್ದೀರಿ: ಸಿಲಿಂಡರ್‌ಗಳೆಲ್ಲ ದುಂಡಗೆ ಸುತ್ತ ಇವೆ, ಆದರೆ ಪ್ರೊಪೆಲ್ಲರ್ ಸರಿಯಾಗಿ ನಡುವೆ ಇಲ್ಲ, ಸ್ವಲ್ಪ ಮೇಲಿದೆ, ಜೋಡಿಸುವಾಗ ತಪ್ಪಾಗಿದೆಯಾ ಅಂತ. ಇಲ್ಲ. ನನಗೆ ಈ ಎಂಜಿನ್ ಇಷ್ಟವಾಗಿದ್ದೇ ಅದರಿಂದ.

ಅದು ಇಂಗ್ಲೆಂಡಿನ ಪಾಬ್‌ಜಾಯ್ ಆರ್, 1930ರ ದಶಕದ ಶುರುವಿನದು. ಏಳು ಸಿಲಿಂಡರ್. ಒಂದೊಂದೂ ಸುಮಾರು 405 ಸಿಸಿ, ಅಂದರೆ ನಮ್ಮ ಬುಲೆಟ್ 350ಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ. ಒಟ್ಟು 2.8 ಲೀಟರ್. ಇಷ್ಟು ಸಣ್ಣ ಎಂಜಿನ್‌ನಿಂದ 75 ಅಶ್ವಶಕ್ತಿ ಬರಬೇಕಾದರೆ ಜೋರಾಗಿ ತಿರುಗಿಸಲೇಬೇಕು, ನಿಮಿಷಕ್ಕೆ 3000 ಸುತ್ತು. ತೊಂದರೆ ಬರೋದು ಇಲ್ಲೇ. ಎರಡು ಮೀಟರ್ ಪ್ರೊಪೆಲ್ಲರ್ ಒಂದನ್ನು ಅದೇ ವೇಗದಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 314 ಮೀಟರ್ ಓಡುತ್ತೆ. ಶಬ್ದದ ವೇಗಕ್ಕೆ ತೀರಾ ಹತ್ತಿರ, ಅಲ್ವಾ? ಆಗ ಸದ್ದು ಜಾಸ್ತಿ, ಎಳೆಯೋ ಶಕ್ತಿ ಕಮ್ಮಿ. ಪ್ರೊಪೆಲ್ಲರ್ ಗಿಡ್ಡ ಮಾಡಿದರೆ ತುದಿಯ ವೇಗ ಇಳಿಯುತ್ತೆ ನಿಜ, ಆದರೆ ಅದು ಹಿಂದಕ್ಕೆ ತಳ್ಳೋ ಗಾಳಿಯೂ ಕಮ್ಮಿಯಾಗುತ್ತೆ.

ಅದಕ್ಕೆ ಈ ಎಂಜಿನ್ ರೂಪಿಸಿದ ಡಗ್ಲಸ್ ಪಾಬ್‌ಜಾಯ್ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನಡುವೆ ಗಿಯರ್ ಹಾಕಿದರು. ಎಂಜಿನ್ 3000 ಸುತ್ತಿದರೆ ಪ್ರೊಪೆಲ್ಲರ್ ಸುಮಾರು 1400 ಸುತ್ತುತ್ತೆ. ಒಂದಕ್ಕೊಂದು ಕಚ್ಚಿಕೊಂಡ ಎರಡು ಗಿಯರ್‌ಗಳ ಶಾಫ್ಟ್ (ತಿರುಗೋ ದಂಡ) ಒಂದೇ ಕಡೆ ಇರೋಕಾಗಲ್ಲ, ಒಂದು ಪಕ್ಕಕ್ಕೆ ಸರಿಯಲೇಬೇಕು. ಇಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮೇಲಕ್ಕೆ ಸರಿದಿದೆ. ಇದರಿಂದ ಇನ್ನೊಂದು ಅನುಕೂಲ ಆಯ್ತು: ರೆಕ್ಕೆಯ ತುದಿಯಿಂದ ತುದಿಗೆ ಬರೀ 7.3 ಮೀಟರ್ ಇರೋ, ನೆಲಕ್ಕೆ ಹತ್ತಿರವೇ ಕೂರೋ ಈ ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರ್ ಹಾಕಿದರೂ ಅದು ನೆಲಕ್ಕೆ ತಾಗಲ್ಲ.

ಗಿಯರ್ ಅಂದಮೇಲೆ ತೂಕ, ಸವೆತ ಇದ್ದದ್ದೇ. ಆದರೂ ಇದೇ ಜಾತಿಯ ಎಂಜಿನ್ ಇದ್ದ ಸ್ವಿಫ್ಟ್‌ನಲ್ಲಿ ಆರ್ಥರ್ ಬಟ್ಲರ್ 1931ರಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಂಬತ್ತೇ ದಿನ ಚಿಲ್ಲರೆ ಗಂಟೆಯಲ್ಲಿ ಹೋಗಿ ಇಳಿದರು. 1933ರಲ್ಲಿ ಸಿಲ್ಚರ್‌ನ ಟೀ ತೋಟದ ಆಲ್ಬನ್ ಅಲಿ ತಮ್ಮ ಕೆಂಪು ಸ್ವಿಫ್ಟ್ ಅನ್ನು ದೆಹಲಿಯ ರೇಸಿನಲ್ಲಿ ಹಾರಿಸಿ, ಆಮೇಲೆ ಅದರಲ್ಲೇ ಇಂಗ್ಲೆಂಡಿನ ಕಡೆಗೆ ಹೊರಟರು. ಆ ವಿಮಾನವನ್ನು ನಾನು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್‌ನಲ್ಲಿರೋ ಹಳೇ ವಿಮಾನಗಳ ಸಂಗ್ರಹದಲ್ಲಿ ನೋಡಿದ್ದೇನೆ. ಮುಂದೆ ನಿಂತು ಸಿಲಿಂಡರ್ ಎಣಿಸ್ತಾ ಹೋದೆ. ಕೆಳಗಿನವು ಪ್ರೊಪೆಲ್ಲರ್ ಹಬ್‌ನಿಂದ (ಅದರ ನಡುಭಾಗದಿಂದ) ದೂರ, ಮೇಲಿನವು ಹತ್ತಿರ. ನಿಮ್ಮ ಫೋಟೋ ಎದುರಿನಿಂದ ತೆಗೆದದ್ದಾದರೆ ಅದರಲ್ಲೂ ಹಾಗೇ ಅಳೆದು ನೋಡಿ.