4294967297: ಭಾಗಾಕಾರಕ್ಕೆ ಮುನ್ನ ಸಂಖ್ಯೆಯ ರೂಪ ನೋಡಿ

500ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದರೂ 4294967297 ಜಗ್ಗಲಿಲ್ಲ, ಹಾಗಾದರೆ ಇದನ್ನೂ ಅವಿಭಾಜ್ಯವೆಂದು ಬರೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಬರೆದುಕೊಳ್ಳಬೇಡಿ, ಇದು 641 ಮತ್ತು 6700417ರ ಗುಣಲಬ್ಧ. ಇದರ ವರ್ಗಮೂಲ 65536ಕ್ಕಿಂತ ತುಸುವೇ ಹೆಚ್ಚು, ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಅವನ್ನೆಲ್ಲ ಸಾಲಾಗಿ ಪರೀಕ್ಷಿಸುತ್ತ ಕೂರುವ ಅಗತ್ಯವಿಲ್ಲ.

ಈ ಸಂಖ್ಯೆ 2³² + 1, ಅಂದರೆ 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತ ಹೋಗಿ 1 ಕೂಡಿಸಿದರೆ ಸಿಗುವ 3, 5, 17, 257, 65537 ಎಂಬ ಫರ್ಮಾ ಸಂಖ್ಯೆಗಳ ಸಾಲಿನಲ್ಲಿ ಮುಂದಿನದು. ಮೊದಲ ಐದೂ ಅವಿಭಾಜ್ಯಗಳಾದ್ದರಿಂದ ಸಾಲೆಲ್ಲ ಹಾಗೆಯೇ ಇರುತ್ತದೆಂದು ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ 641ನ್ನು ತೋರಿಸಿ ಆ ನಂಬಿಕೆಯನ್ನು ಮುರಿದರು. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂದು ಅವರೇ ಮುಂದೆ ಸಾಧಿಸಿದರು, ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯೂಕಾ ಆ 64ನ್ನು 128ಕ್ಕೆ ಏರಿಸಿದರು. ಈಗ ನಿಮ್ಮ ಮುಂದಿರುವುದು 129, 257, 385, 513, 641 ಇಷ್ಟೇ. 129 ಮತ್ತು 513 ಮೂರರಿಂದ, 385 ಐದರಿಂದ ಭಾಗವಾಗುವುದರಿಂದ ಅವು ಅವಿಭಾಜ್ಯಗಳಲ್ಲ. 257ನ್ನೂ ಭಾಗಿಸದೆಯೇ ಬಿಡಬಹುದು: 3×5×17×257×65537 ಸರಿಯಾಗಿ 4294967295 ಆಗುತ್ತದೆ, ಆದ್ದರಿಂದ 257 ನಮ್ಮ ಸಂಖ್ಯೆಯನ್ನೂ ಭಾಗಿಸಿದರೆ ಇವೆರಡರ ವ್ಯತ್ಯಾಸವಾದ 2ನ್ನೂ ಭಾಗಿಸಬೇಕಾಗುತ್ತದೆ. ಉಳಿದದ್ದು 641 ಒಂದೇ.

ಅದನ್ನೂ ಭಾಗಾಕಾರವಿಲ್ಲದೆ ಸಾಧಿಸಬಹುದು. ನನಗೆ ಈ ಸಂಖ್ಯೆಯ ಬಗ್ಗೆ ಅತ್ಯಂತ ಪ್ರಿಯವಾದ ಭಾಗವೇ ಇದು. 641 = 5×2⁷ + 1, ಹಾಗೆಯೇ 641 = 5⁴ + 2⁴. 641ರಿಂದ ಭಾಗಿಸಿ ಶೇಷವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ 5×2⁷ಕ್ಕೂ −1ಕ್ಕೂ ಭೇದವಿಲ್ಲ, ಆದುದರಿಂದ ನಾಲ್ಕನೆಯ ಘಾತಕ್ಕೇರಿಸಿದಾಗ 5⁴×2²⁸ ಎಂಬುದು 1. ಇಲ್ಲಿ 5⁴ರ ಬದಲು −2⁴ ಇಟ್ಟರೆ −2³² ಎಂಬುದು 1 ಆಗುತ್ತದೆ, ಅಂದರೆ 2³² + 1ರ ಶೇಷ ಸೊನ್ನೆ.

6700417 ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳುವುದೂ ಸುಲಭ. ಅದರ ಅಪವರ್ತನಗಳಿಗೂ 128ರ ನಿಯಮವೇ ಅನ್ವಯಿಸುತ್ತದೆ, ವರ್ಗಮೂಲ 2588ರ ಆಸುಪಾಸಿನಲ್ಲಿದೆ. 257 ಆಗಲೇ ಹೊರಬಿದ್ದಿರುವುದರಿಂದ, ಅಷ್ಟರೊಳಗಿನ ಅಂಥ ಅವಿಭಾಜ್ಯಗಳಲ್ಲಿ ಉಳಿದ 641, 769, 1153, 1409 ಇವುಗಳಿಂದ ಭಾಗಿಸಿದರೆ ಸಾಕು. ಶೇಷಗಳು ಕ್ರಮವಾಗಿ 44, 120, 334, 622 ಬರಬೇಕು, ತಾಳೆ ನೋಡಿಕೊಳ್ಳಿ.

ಇದೇ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ 65536² + 1² ಎಂದೂ 62264² + 20449² ಎಂದೂ ಬರೆಯಬಹುದು. ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಎರಡು ಬಗೆಯಲ್ಲಿ ಬರೆಯಲಾಗದ ಕಾರಣ, ಅಪವರ್ತನ ತಿಳಿಯದಿದ್ದರೂ ಇದು ಅವಿಭಾಜ್ಯವಲ್ಲವೆಂದು ಹೇಳಲು ಇದೊಂದೇ ಸಾಕಾಗುತ್ತಿತ್ತು.

ಫರ್ಮಾರ ಕಿರು ಪ್ರಮೇಯದ ಪ್ರಕಾರ N ಬೆಸ ಅವಿಭಾಜ್ಯವಾದರೆ 2ನ್ನು N−1ನೆಯ ಘಾತಕ್ಕೇರಿಸಿ Nನಿಂದ ಭಾಗಿಸಿದಾಗ ಶೇಷ 1 ಬರಬೇಕು. ಆದರೆ ಈ ಪರೀಕ್ಷೆಯನ್ನು 2ರ ಮೇಲೆ ಮಾತ್ರ ನಡೆಸಿದರೆ ಮೋಸಹೋಗುತ್ತೀರಿ: 2⁶⁴ರ ಶೇಷ ಇಲ್ಲಿ 1, ಮತ್ತು N−1 ಆಗಿರುವ 2³² ಎಂಬುದು 64ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಆದ್ದರಿಂದ ಈ ಸಂಖ್ಯೆ ಆ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗಿಬಿಡುತ್ತದೆ. ಇನ್ನು ಪ್ರೋಗ್ರಾಂ ಬರೆದು ನೋಡುವುದಾದರೆ 32 ಬಿಟ್‌ನ ಪೂರ್ಣಾಂಕ ಬೇಡ. ಚಿಹ್ನೆಯಿಲ್ಲದ ಬಗೆಯಲ್ಲಿ ಕೂಡ ಅದರ ಮಿತಿ 4294967295, ನಮ್ಮ ಸಂಖ್ಯೆಯನ್ನು ಅದರೊಳಗೆ ಇಟ್ಟರೆ ಉಳಿಯುವುದು ಬರಿಯ 1. 64 ಬಿಟ್‌ನದನ್ನೇ ಬಳಸಿ.